ಬೇಸ್ ಹದ ಮಾಡಿದ ಸದಣ್ಣ

ಹಾಡಿನ ದನಿಗಳನ್ನೆಲ್ಲ ಹದವಾಗಿ ಬೆರೆಸುವ ಮಿಕ್ಸಿಂಗ್ ಮುಗಿಯಿತು ಎನ್ನುವಾಗ ಸದಣ್ಣ ಹಾಡು ಹಚ್ಚಿ, ಬಾಗಿಲೆಳೆದುಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಗೋಡೆ ದಾಟಿ ಬರುವುದು ಬೇಸ್, ಆ ತಗ್ಗು ದನಿ ಮಾತ್ರ, ಅದು ಹೆಚ್ಚೋ ಕಡಿಮೆಯೋ ಅಲ್ಲಿಂದಲೇ ತಿಳಿಯುವುದು ಎನ್ನುತ್ತಿದ್ದರು. ಮುಂಬೈಯ ಸ್ಟುಡಿಯೋಗಳಲ್ಲಿ ದುಡಿದು ಬಂದವರು. ಕೋಟೇಶ್ವರದ ಬೇಕರಿಯೊಂದರ ಮಹಡಿಯಲ್ಲಿ ಅವರ ರೆಕಾರ್ಡಿಂಗ್ ಕೋಣೆ. ಬರುತ್ತಿದ್ದುದು ಹೆಚ್ಚಾಗಿ ಭಜನೆಯವರು.

ಮೈಸೂರಿನಲ್ಲಿ ಓದುವಾಗ ಜೊತೆಯ ಹುಡುಗಿಯರು ನನ್ನ ಕುಂದಾಪ್ರ ಕನ್ನಡವನ್ನು ಅಣಕಿಸುತ್ತಿದ್ದರು. ಆ ಸಿಟ್ಟಿಗೆ, ಬೈಂದೂರಿನಲ್ಲಿ ಮೀನು ಮಾರುವ ಅಮ್ಮನ ಮೇಲೆ ಅಮ್ಮನದೇ ಮಾತಿನಲ್ಲಿ ಒಂದು ರ‍್ಯಾಪ್ ಕಟ್ಟಿದೆ. ಕಿಟಕಿಯ ಗಾಜು ನಡುಗುವಷ್ಟು ಬೇಸ್ ತುಂಬಿ ಸದಣ್ಣನ ಹತ್ತಿರ ಒಯ್ದೆ.

"ಅಮ್ಮನ ಬಗ್ಗೆ ಬರ್ದಿದ್ದೆ ಅಂದೆ ನೀನ್. ಅಮ್ಮನ ಮಾತೇ ಕೇಂತಿಲ್ಲೆ. ಬರೀ ಗುಡುಗ್" ಎಂದರು.

"ಹಿಪ್ ಹಾಪ್ ಅಂದ್ರೆ ಎದೆ ಅದುರ್ಕ್ ಸದಣ್ಣ."

"ಅದುರ್ಲಿ ಮಗಳೇ. ಆದ್ರೆ ಡ್ರಮ್ಮೂ ಬೇಸೂ ಒಂದೇ ಜಾಗ್ದಲ್ಲ್ ಕೂಕಂಡ್ರೆ ಎರಡೂ ಕೆಟ್ತ್. ಒಂದ್ ಬಪ್ಪತಿಗೆ ಇನ್ನೊಂದ್ ಬದಿಗ್ ಸರೀಕ್."

ಒಂದು ಬರುವಾಗ ಇನ್ನೊಂದು ಸರಿದು ದಾರಿ ಬಿಡಲೆಂದು ಎರಡು ದಿನ ಕೂತರು. ನನ್ನ ದನಿಯ ಅಡಿಯಲ್ಲಿದ್ದ ಗೊಗ್ಗರು ಸದ್ದನ್ನು ಕತ್ತರಿಸಿದರು. ಡ್ರಮ್ಮಿನ ಪೆಟ್ಟು ಬಿದ್ದಾಗೆಲ್ಲ ಬೇಸ್ ಕೂದಲೆಳೆಯಷ್ಟು ತಗ್ಗುವಂತೆ ಮಾಡಿದರು. ಸಣ್ಣ ಮೊಬೈಲಿನಲ್ಲೂ ಅದು ಕೇಳಲಿ ಎಂದು ಅದಕ್ಕೆ ತುಸು ಒರಟುತನ ಬೆರೆಸಿದರು. ಆಮೇಲೆ ನನ್ನೊಡನೆ ಬೈಂದೂರಿಗೇ ಬಂದರು.

ಮಾರ್ಕೆಟ್ಟಿನಲ್ಲಿ ಅಮ್ಮ ಸೆರಗಿಗೆ ಕೈ ಒರಸಿಕೊಂಡು ಮೊಬೈಲನ್ನು ಕಿವಿಗಿಟ್ಟಳು. ಮೊದಲು ನಕ್ಕಳು. ಆಮೇಲೆ ಮೊಬೈಲನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. "ಇದ್ ನನ್ನ್ ಮಾತಲ್ದಾ? ಹೀಂಗೂ ಹಾಡ್ಲಕ್ಕಾ?" ಎಂದಳು. ಸದಣ್ಣ "ಅಕ್ಕ್ ಅಕ್ಕ, ಹೀಂಗೂ ಹಾಡ್ಲಕ್ಕ್" ಎಂದರು.

ಹಿಂದಿರುಗುವಾಗ ಬಸ್ಸಿನ ಡ್ರೈವರನಿಗೆ ಹೇಳಿ ಅದೇ ಹಾಡು ಹಾಕಿಸಿದೆವು. ಬೇಸಿನ ಒಂದೇ ಒಂದು ಸ್ವರ ಉಬ್ಬಿ ಬಂದು ಅಲ್ಲಿದ್ದ ಮಾತನ್ನು ನುಂಗಿತು. ನನಗೆ ಅದು ಗೊತ್ತೂ ಆಗುತ್ತಿರಲಿಲ್ಲ, ಅವರೇ ಹೇಳಿದರು: "ತಪ್ಪ್ ನಂದ್. ನನ್ನ ಕೋಣಿಯೊಳ್ಗೆ ಆ ಸ್ವರ ಕಮ್ಮಿ ಕೇಂತ್, ಅದ್ಕೆ ಜಾಸ್ತಿ ಇಟ್ಟಿದ್ದೆ. ಇದನ್ನ್ ಯಾರಿಗೂ ಕೊಡ್ಬೇಡ." ಇಳಿದವರೇ ನೇರ ಕೋಣೆಗೆ ಹೋಗಿ ಸರಿಪಡಿಸಿದರು.

ಐದಾರು ವರ್ಷದ ಮೇಲೆ ಹೊಸ ಹಾಡು ಹಿಡಿದು ಹೋದಾಗ ಯಂತ್ರಗಳಿಗೆಲ್ಲ ಬಟ್ಟೆ ಮುಚ್ಚಿತ್ತು.

"ಬಲಗಿವಿ ಹೋತ್. ಊಹೆ ಮೇಲೆ ನಿನ್ನ್ ಹಾಡ್ ಮುಟ್ಟೂಕಾಗ. ನೀನೇ ಮಾಡ್, ನಾ ಇಲ್ಲೇ ಕೂಕಂತೆ" ಎಂದರು.

ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಅವರ ಕುರ್ಚಿಯಲ್ಲಿ ನಾನು ಕೂತೆ. ಮಧ್ಯಾಹ್ನವಿಡೀ ಅವರು ಪೇಪರ್ ಓದುತ್ತ ಪಕ್ಕದಲ್ಲಿದ್ದರು. ಹೊರಡುವಾಗ, ಹಾಡಿನ ಜೊತೆ ಕೊಡುವ ಹೆಸರುಗಳಲ್ಲಿ ಮಿಕ್ಸಿಂಗ್ ಎಂಬಲ್ಲಿ ನಿಮ್ಮ ಹೆಸರನ್ನೇ ಹಾಕಲಾ ಎಂದು ಕೇಳಿದೆ.

"ನಾ ಮಾಡ್ದೇ ಇದ್ದದ್ದಕ್ಕೆ ನನ್ನ ಹೆಸ್ರ್ ಎಂತಕೆ? ಮಾಡ್ದೋಳ್ ನೀನ್. ನಿಂದೇ ಹಾಕ್."

ಹಾಗೇ ಹಾಕಿದೆ. ಹಾಡು ಹೊರಬರುವ ಮೊದಲೇ ಸದಣ್ಣ ತೀರಿಕೊಂಡಿದ್ದರು.