ಬಾಳವ್ವ ಎತ್ತಿಕೊಡದ ಪದ

ಹೂಲಿಯ ದೇವಕ್ಕನಿಗೆ ಹಾಡು ಬರುತ್ತದೆಂದು ಜನ ಹೇಳುವುದು ಅರ್ಧ ಸುಳ್ಳು. ಹಾಡು ಬರುತ್ತಿದ್ದುದು ಅವಳ ನೆಗೆಣ್ಣಿ, ಅದೇ ಮನೆಯ ಇನ್ನೊಬ್ಬ ಸೊಸೆ ಬಾಳವ್ವನಿಗೆ. ಬೀಸುಕಲ್ಲಿನ ಆಚೆ ಬಾಳವ್ವ, ಈಚೆ ದೇವಕ್ಕ, ಒಂದೇ ಗೂಟಕ್ಕೆ ಇಬ್ಬರ ಕೈ. ಬಾಳವ್ವ ಆ ಹೊತ್ತಿಗೆ ತೋಚಿದ್ದನ್ನು ಕಟ್ಟಿ ನುಡಿ ಎತ್ತಿಕೊಡಬೇಕು, ದೇವಕ್ಕ "ಬೀಸೂಣ ನನ್ನವ್ವ, ಇನ್ನೊಂದು ಸುತ್ತಾ" ಎಂದು ಸೊಲ್ಲು ಹಿಡಿಯಬೇಕು. ಊರಿಗೆ ಗಿರಣಿ ಬಂದ ಮೇಲೂ ಮದುವೆಮನೆಯ ಅರಿಶಿನ ಬೀಸಲು ಇವರೇ ಬೇಕಿತ್ತು. ಹೋದ ದೀಪಾವಳಿಗೆ ಬಾಳವ್ವ ಜ್ವರ ಬಂದು ತೀರಿಕೊಂಡಳು. ದೇವಕ್ಕ ಕಲ್ಲನ್ನು ಗೋಡೆಗೆ ಆನಿಸಿಟ್ಟವಳು ಮತ್ತೆ ಮುಟ್ಟಲಿಲ್ಲ.

ಆಮೇಲೆ ರಾಮದುರ್ಗದ ಕಾಲೇಜಿನಿಂದ ರಾಜೇಶ್ವರಿ ಮೇಡಂ ಬಂದು ಒಂದು ಸುದ್ದಿ ಹೇಳಿದರು. ಫಿನ್‌ಲ್ಯಾಂಡ್ ಎಂಬ ಹಿಮದ ದೇಶವಂತೆ. ಅಲ್ಲಿ ಹಿಂದೆ ಹಳ್ಳಿಯವರ ಬಾಯಿಂದ ಕೂಡಿಸಿದ ಪದಗಳೇ ದೊಡ್ಡ ಕಾವ್ಯವಾದವಂತೆ, ಫೆಬ್ರುವರಿ ಕೊನೆಗೆ ಇಡೀ ದೇಶ ಆ ಕಾವ್ಯದ ದಿನ ಆಚರಿಸುತ್ತದಂತೆ. ಈ ಸಲ ಅಲ್ಲಿನ ಕೆಲವರು ಬೀಸುವ ಪದವನ್ನೂ ವಿಡಿಯೊದಲ್ಲಿ ಕೇಳುವವರಿದ್ದರು.

"ಆಯಿ, ನಿಮ್ಮ ಪದಾ ಅವ್ರು ಕಾಯಂ ಜ್ವಾಪಾನ ಇಡತಾರ್ರಿ."

"ಬಾಳವ್ವಂದೂ?" ಎಂದಳು ದೇವಕ್ಕ.

"ಇಬ್ರೂ ಕೂಡೇ ಹಾಡತಿದ್ರೆಲ್ರಿ? ನೀವು ಬಂದ್ರ ಸಾಕು."

ಮೇಡಂ ಎಡವಿದ್ದು ಅಲ್ಲೇ ನೋಡಿ. ಇಬ್ಬರು ಹಾಡುವುದೆಂದರೆ ಒಂದೇ ಹಾಡನ್ನು ಇಬ್ಬರೂ ಒದರುವುದೇ? ಆದರೆ ದೇವಕ್ಕ ತಿದ್ದಲಿಲ್ಲ. ತನ್ನ ಬಾಯಲ್ಲಾದರೂ ಬಾಳವ್ವ ಉಳಿಯಲಿ ಎಂಬ ಆಸೆ, ಪಾಪ.

ಆ ದಿನ ಕಾಲೇಜಿನ ಹಾಲ್‌ನಲ್ಲಿ ಕಲ್ಲು ಹೂಡಿ ಜೋಳ ಸುರಿದರು. ಪರದೆಯ ಮೇಲೆ ಉಣ್ಣೆಯಂಗಿ ತೊಟ್ಟ ಬಿಳಿ ಜನ ಕಾದು ಕುಳಿತಿದ್ದರು. ದೇವಕ್ಕ ಗೂಟ ಹಿಡಿದು ತಿರುವಿದಳು. ಒಬ್ಬಳ ಕೈಗೆ ಕಲ್ಲು ಭಾರವಾಯಿತು. ಕೇಳಿದ ನುಡಿಗಳೇನು ಕಡಿಮೆಯೇ, ಆದರೆ ಒಂದರ ಮೊದಲ ಸಾಲೂ ನಾಲಿಗೆಗೆ ಬರಲೊಲ್ಲದು. ರೂಢಿಯಂತೆ ಬಾಳವ್ವನಿಗಾಗಿ ಒಂದು ಸುತ್ತು ಕಾದಳು. ಆಮೇಲೆ ತನ್ನ ಪಾಲಿನದನ್ನಷ್ಟೇ ಹಾಡಿದಳು: "ಬೀಸೂಣ ನನ್ನವ್ವ, ಇನ್ನೊಂದು ಸುತ್ತಾ." ಮತ್ತೆ ಬರೀ ಕಲ್ಲಿನ ಸದ್ದು, ಮತ್ತೆ ಅದೇ ಸೊಲ್ಲು. ಪ್ರತಿ ಸಲವೂ ಕಾದಳು. ಜೋಳ ತೀರಿ ಕಲ್ಲಿಗೆ ಕಲ್ಲು ತಾಗಿದಾಗ ಕೈ ಬಿಟ್ಟಳು.

ಪರದೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರಾಜೇಶ್ವರಿ ಮೇಡಂ ಓಡಿಬಂದು ಅವಳ ಕೈ ಹಿಡಿದರು. "ಭಾಳ ಛಲೋ ಆತ್ರಿ ಆಯಿ! ಪೂರಾ ಪದಾ ರೆಕಾರ್ಡ್ ಆತು."

ದೇವಕ್ಕ ಕಲ್ಲಿನ ಆಚೆಯ ಖಾಲಿ ಜಾಗದಿಂದ ಕಣ್ಣು ಕೀಳಲಿಲ್ಲ.

"ಎಲ್ಲಿ ಪೂರಾ, ಮೇಡಮ್ಮಾರ? ಆಕಿ ಇನ್ನೂ ಸುರೂನ ಮಾಡಿಲ್ಲ."