ಎಂಜಿನ್ ಬರುವ ತನಕ

ಗಾಡಿ ಹೊರಡುವ ಮೊದಲು ಬೀರಪ್ಪ ಕಾಕಾ ಎಲ್ಲರ ಕಿಡ್ನಿ ಎಣಿಸುತ್ತಿದ್ದ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು, ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿ, ಕುರಿ ಎಣಿಸುವ ದನಿಯಲ್ಲೇ ಶುರು ಮಾಡುತ್ತಿದ್ದ.

"ನನ್ನವು ಎರಡು, ಪದ್ಮಣ್ಣನವು ಎರಡು, ತಮ್ಮನವು ಎರಡು. ಆರರಾಗ ಚಾಲೂ ಇರೂವು ಎರಡ. ಎಂಜಿನ್ ಒಂದ ಗಟ್ಟಿ ಐತಿ. ಆತು, ನಡೀರಿ ಮಿರಜಿಗೆ!"

ಪದ್ಮಣ್ಣ ಎಂದರೆ ನನ್ನ ಅಪ್ಪ. ತಮ್ಮ ಎಂದರೆ ನಾನು; ಹೆಸರು ಭರತ, ಆದರೆ ಕಾಕಾನ ಬಾಯಲ್ಲಿ ಅದು ಒಮ್ಮೆಯೂ ಬರಲಿಲ್ಲ. ಕೆಲಸ ಮಾಡುವ ಎರಡು ಕಿಡ್ನಿ ನನ್ನವು. ಕಾಕಾನಿಗೂ ಅಪ್ಪನಿಗೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ ಮತ್ತು ಶುಕ್ರವಾರ ಇಬ್ಬರೂ ಮಿರಜಿನ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಶೀನಿಗೆ ಹೊಂದಿಕೊಂಡು ಮಲಗಬೇಕು, ರಕ್ತ ತೊಳೆಸಿಕೊಂಡು ಬರಬೇಕು. ಹೋಗುವಾಗ ಗಾಡಿ ಕಾಕಾನ ಕೈಯಲ್ಲಿ. ಬರುವಾಗ ಅವನಿಗೆ ತ್ರಾಣ ಇರುತ್ತಿರಲಿಲ್ಲ, ಗಾಡಿ ನನ್ನ ಕೈಯಲ್ಲಿ. ಅದಕ್ಕೆಂದೇ ನಾನು ವಾರಕ್ಕೆ ಎರಡು ದಿನ ಗೊಬ್ಬರದ ಅಂಗಡಿಗೆ ಕೀಲಿ ಹಾಕುತ್ತಿದ್ದೆ.

ನಮ್ಮ ಊರು ಅಥಣಿಯಿಂದ ಕಾಗವಾಡದ ಕಡೆ ಹೋಗುವ ರಸ್ತೆಗೆ ಸ್ವಲ್ಪ ಒಳಗೆ. ಕಾಕಾನದು ತಲೆತಲಾಂತರದಿಂದ ಕುರಿ ಕಾಯುವ ಮನೆತನ. ತಲೆಗೆ ಕೆಂಪು ಪಟಗ, ಹಣೆಯ ತುಂಬ ಭಂಡಾರವೆಂಬ ದೇವರ ಅರಿಶಿನ, ಬಿಸಿಲಿರಲಿ ಚಳಿಯಿರಲಿ ಹೆಗಲ ಮೇಲೆ ಕರಿ ಕಂಬಳಿ. ಬೇನೆ ಬಂದ ಮೇಲೆ ಹಿಂಡು ಮಾರಿ, ಮೇಲೆ ಸಾಲ ಎತ್ತಿ, ಹಾಲಿನಂಥ ಬಿಳಿ ಕಾರು ತಂದ. "ಕುರಿ ಹಿಂದ ನಡ್ಯಾಕ ಇನ್ನ ಕಾಲಿಲ್ಲ. ಅದಕ್ಕ ಎಲ್ಲಾ ಕುರಿ ಕೂಡಿಸಿ ಒಂದ ದೊಡ್ಡ ಕುರಿ ಮಾಡೀನಿ" ಎಂದು ಊರಿಗೆಲ್ಲ ಹೇಳಿಕೊಂಡು ಬಂದ. ಆ ಕಾರನ್ನು ನೋಡಿಕೊಂಡದ್ದೂ ಹಾಗೆಯೇ. ಬೆಳಿಗ್ಗೆ ಚಾಲೂ ಮಾಡಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದ. "ಇವತ್ತ ಯಾಕೋ ಸಪ್ಪಗ ಐತಿ" ಎಂದರೆ ಆ ದಿನ ಎಷ್ಟೇ ಹೊತ್ತಾಗಿರಲಿ, ಮೆಲ್ಲಗೇ ಹೊಡೆಯುತ್ತಿದ್ದ.

ಗಾಡಿ ಬಂದ ದಿನ ಕೊಕಟನೂರ ಯಲ್ಲವ್ವನ ಗುಡಿಯ ಮುಂದೆ ಪೂಜೆ. ಪೂಜಾರಿ ಬಾನೆಟ್ಟಿಗೆ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು, ಆಯಿತು ಎಂದ. ಕಾಕಾನಿಗೆ ಸಮಾಧಾನವಾಗಲಿಲ್ಲ.

"ಜೀವಾ ಒಳಗೈತಿ, ಪೂಜಿ ಹೊರಗ ಮಾಡಿದ್ರ ಹೆಂಗ್ರಿ?" ಎಂದು ಬಾನೆಟ್ ಎತ್ತಿ, ಬೊಗಸೆ ಭಂಡಾರ ತೆಗೆದು ಎಂಜಿನ್ನಿನ ಮೇಲೆ ತೂರಿದ. ಹಳದಿ ಮೋಡ ಎದ್ದಿತು. ಎಲ್ಲರೂ "ಉಧೋ ಉಧೋ" ಎಂದೆವು. ಜೈನರವನಾದ ನಾನೂ ಎಂದೆ.

ಇನ್ನು ಅಪ್ಪನ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಈ ಕಾರಿನ ಬೆಲೆ ತಿಳಿಯುವುದಿಲ್ಲ. ಅಪ್ಪ ಹೊತ್ತು ಮುಳುಗಿದ ಮೇಲೆ ಉಣ್ಣುವವನಲ್ಲ. ಬುದ್ಧಿ ಬಂದಾಗಿನಿಂದ ಒಂದು ದಿನವೂ ಉಂಡವನಲ್ಲ. ಮಶೀನಿನಿಂದ ಎದ್ದ ಮೇಲೆ ಎರಡು ತಾಸು ಅವನ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ, ಉಂಡದ್ದೆಲ್ಲ ವಾಂತಿ. ಕಾರಿನಲ್ಲಿ ಬಂದರೆ ಮನೆ ಮುಟ್ಟುವಾಗ ಇನ್ನೂ ಬಿಸಿಲು ಗೋಡೆಯ ಮೇಲಿರುತ್ತಿತ್ತು. ನಾಲ್ಕು ತುತ್ತು ಹೊಟ್ಟೆಗೆ ಹೋಗುತ್ತಿತ್ತು. ಬಸ್ಸಿನಲ್ಲಾದರೆ ಕಾಗವಾಡದಲ್ಲಿ ಇಳಿದು ಇನ್ನೊಂದು ಹಿಡಿದು, ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾಟಿ ಬರುವಷ್ಟರಲ್ಲಿ ಕತ್ತಲು. ಆ ರಾತ್ರಿ ಉಪವಾಸ. ಕಾಕಾ ಗಾಡಿ ತಂದ ದಿನವೇ ನಮ್ಮ ಕಟ್ಟೆಗೆ ಬಂದು ಹೇಳಿದ್ದ: "ಪದ್ಮಣ್ಣಾ, ನಿನ್ನ ಹೊತ್ತ ಮುಳುಗೂದು ಇನ್ನ ನನ್ನ ಜವಾಬ್ದಾರಿ."

ವರ್ಷ ತುಂಬುವ ಮೊದಲೇ, ಚಳಿಗಾಲದ ಒಂದು ಶುಕ್ರವಾರ, ಮಿರಜಿನಿಂದ ಬರುವಾಗ ಕಾಗವಾಡ ದಾಟಿದ ಮೇಲೆ ಎಂಜಿನ್ನಿನಲ್ಲಿ ಕಲ್ಲು ತಿರುವಿದಂಥ ಸದ್ದಾಯಿತು. ಕೆಂಪು ದೀಪ ಹತ್ತಿತು, ಗಾಡಿ ನಿಂತಿತು. ಎಷ್ಟು ಕೀಲಿ ತಿರುವಿದರೂ ಮಿಸುಕಲಿಲ್ಲ. ಕಾಕಾ ಇಳಿದು ಬಾನೆಟ್ಟಿನ ಮೇಲೆ ಕೈ ಇಟ್ಟು ನಿಂತ. ಆಮೇಲೆ ಕೈ ತೆಗೆದು ಪಟಗಕ್ಕೆ ಒರೆಸಿಕೊಂಡ. ಅಪ್ಪ ಹಿಂದಿನ ಸೀಟಿನಲ್ಲಿ ಒರಗಿ, ಕಬ್ಬಿನ ಗದ್ದೆಯಾಚೆ ಇಳಿಯುತ್ತಿದ್ದ ಹೊತ್ತನ್ನು ನೋಡುತ್ತಿದ್ದ. ನಾವು ರಸ್ತೆಯಲ್ಲಿರುವಾಗಲೇ ಅದು ಮುಳುಗಿತು.

ಕಾರು ಎಳೆಸಿಕೊಂಡು ಚಿಕ್ಕೋಡಿಯ ಷೋರೂಮಿಗೆ ಹೋಯಿತು. ಮೊದಲ ದಿನ ಅವರದು ಬೆಣ್ಣೆಯಂಥ ಮಾತು. "ವಾರಂಟಿ ಐತ್ರಿ ಕಾಕಾ, ಚಿಂತಿ ಬಿಡ್ರಿ, ಚಹಾ ಕುಡೀರಿ." ಕಾಕಾ ಚಹಾ ಕುಡಿಯುವಂತಿರಲಿಲ್ಲ; ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳೆದುಕೊಟ್ಟಿದ್ದರು. ಮುಂದಿನ ಸಲ ಹೋದಾಗ ಮ್ಯಾನೇಜರ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ.

"ಏರ್ ಫಿಲ್ಟರ್‌ದಾಗ ಹಳದಿ ಪುಡಿ ಸಿಕ್ಕೈತ್ರಿ. ಹೊರಗಿನ ವಸ್ತು ಒಳಗ ಹೋಗಿ ಎಂಜಿನ್ ಸೀಜ್ ಆಗೈತಿ. ಇದಕ್ಕ ವಾರಂಟಿ ಬರಂಗಿಲ್ರಿ."

"ಹೊರಗಿಂದಲ್ರಿ ಸಾಹೇಬ್ರ, ಯಲ್ಲವ್ವಂದು" ಎಂದ ಕಾಕಾ.

"ಯಾರದರ ಇರ್ಲಿ ಕಾಕಾ, ಪುಡಿ ಪುಡಿನ."

"ಹಾಲಿನ್ಯಾಗ ಹಾಕ್ಕೊಂಡು ಕುಡಿಯೂ ಅರಿಷಿಣರಿ ಅದು. ಮನಷ್ಯಾರ ಸಾಯೂದಿಲ್ಲ, ಕಬ್ಬಿಣ ಸಾಯ್ತೈತೇನು?"

ಮ್ಯಾನೇಜರ ನಗಲಿಲ್ಲ. ಕಾಕಾನೂ ನಗಿಸಲೆಂದು ಹೇಳಿರಲಿಲ್ಲ. ಹೊಸ ಎಂಜಿನ್ನಿಗೆ ಅವರು ಹೇಳಿದ ಮೊತ್ತ ಕೇಳಿ ನಾವಿಬ್ಬರೂ ಗೇಟಿನ ಹೊರಗೆ ಬಂದೆವು. ಮಾರುವುದಕ್ಕೆ ಇನ್ನು ಕುರಿ ಇರಲಿಲ್ಲ. ನಿಂತ ಗಾಡಿಯ ಕಂತು ಮಾತ್ರ ಬ್ಯಾಂಕಿನಲ್ಲಿ ನಡೆದೇ ಇತ್ತು.

ಅಲ್ಲಿಂದ ನಮ್ಮ ಬಸ್ಸಿನ ದಿನಗಳು. ಬಾಡಿಗೆ ಗಾಡಿ ಕೆಲವು ಸಲ ಮಾಡಿದೆವು, ಆಮೇಲೆ ನಮ್ಮಿಂದ ಆಗಲಿಲ್ಲ. ಊರಲ್ಲಿ ಕಾರಿದ್ದವರು ಒಂದೊಂದು ಸಲ ಬಂದರು. ವಾರಕ್ಕೆ ಎರಡು ಸಲ ಯಾರು ಬಂದಾರು? ಕಂಪನಿಯ ನಂಬರಿಗೆ ಫೋನು ಹಚ್ಚಿದರೆ ಒಬ್ಬ ಹೆಣ್ಣುಮಗಳು ಮುದ್ರಿಸಿಟ್ಟ ದನಿಯಲ್ಲಿ, ನಿಮ್ಮ ಕರೆ ನಮಗೆ ಅಮೂಲ್ಯ ಎನ್ನುತ್ತಿದ್ದಳು. ಕಾಕಾ ಆಕೆಗೂ ಉತ್ತರ ಕೊಡುತ್ತಿದ್ದ: "ಹೌದವಾ, ನಮಗೂ ಅಮೂಲ್ಯನ ಐತಿ. ಒಳಗ ಯಾರನ್ನರ ಎಬ್ಬಸು." ಸಂಗೀತ ಹತ್ತುತ್ತಿತ್ತು. ಅದು ನಿಲ್ಲುವ ತನಕ ಫೋನು ಕಿವಿಗೆ ಹಿಡಿದೇ ಕೂತಿರುತ್ತಿದ್ದ.

ಅಪ್ಪ ದಿನೇ ದಿನೇ ಇಳಿದ. ಮಂಗಳವಾರ ಉಪವಾಸ, ಶುಕ್ರವಾರ ಉಪವಾಸ, ನಡುವಿನ ದಿನಗಳಲ್ಲಿ ಉಣ್ಣುವ ಮನಸ್ಸೇ ಇಲ್ಲ. ಡಾಕ್ಟರು, ಅಜ್ಜಾರ ರಾತ್ರಿ ಉಣ್ಣಲೇಬೇಕು ಎಂದರು. ಅವ್ವ ಕೈಮುಗಿದಳು. ಅಪ್ಪ ಯಾರಿಗೂ ಎದುರು ಮಾತಾಡಲಿಲ್ಲ, ಉಣ್ಣಲೂ ಇಲ್ಲ. ಒಂದು ಸಂಜೆ ನನ್ನನ್ನು ಕರೆದು ಹೇಳಿದ.

"ಭರತಾ, ಬಸದಿಗೆ ಮುನಿ ಮಹಾರಾಜರು ಬಂದಾರಂತ. ಹೋಗಿ ಕೇಳಬೇಕಂತ ಮಾಡೀನಿ."

ಏನು ಕೇಳುವುದು ಎಂದು ನಾನು ಕೇಳಬೇಕಾಗಿರಲಿಲ್ಲ. ಅನ್ನ ನೀರು ಒಂದೊಂದಾಗಿ ಬಿಟ್ಟು ದೇಹವನ್ನು ಇಳಿಸುವ ಸಲ್ಲೇಖನ ನಮ್ಮಲ್ಲಿ ದೊಡ್ಡ ವ್ರತ. ನನ್ನ ಅಜ್ಜಿ ತೆಗೆದುಕೊಂಡಾಗ ಊರೆಲ್ಲ ಬಂದು ಕಾಲಿಗೆ ಬಿದ್ದಿತ್ತು. ಬೇಡ ಎನ್ನಲು ಮಗನಿಗೆ ಯಾವ ಬಾಯಿ? ನಾನು ಹಿತ್ತಲಿಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತೆ. ಆಮೇಲೆ ಕಾಕಾನ ಮನೆಗೆ ಓಡಿದೆ.

ಕಾಕಾ ಕಂಬಳಿ ಹೊದ್ದುಕೊಂಡು ಬಂದು ಅಪ್ಪನ ಮಂಚದ ಕಾಲ ಬಳಿ ಕೂತ.

"ಪದ್ಮಣ್ಣಾ, ವ್ರತಾ ತಗೊಳ್ಳಾವಾ ಇದ್ರ ತಗೋ. ಬ್ಯಾಡನ್ನಾಕ ನಾ ಯಾರು? ಆದ್ರ ದೇವರ ಸಲುವಾಗಿ ತಗೋ. ವರ್ಕ್‌ಶಾಪಿನವನ ಸಲುವಾಗಿ ತಗೋಬ್ಯಾಡ."

ಅಪ್ಪ ಎದ್ದು ಗೋಡೆಗೆ ಒರಗಿ ಕೂತ. "ಎಲ್ಲೀತನಾ ಕಾಯಲೋ ಬೀರಪ್ಪಾ?"

"ಎಂಜಿನ್ ಬರೂತನಾ. ಬಂದಮ್ಯಾಲೂ ನಿನ್ನ ಮನಸ ಹಂಗ ಇದ್ರ, ಅದ ಗಾಡ್ಯಾಗ ನಾನ ನಿನ್ನ ಮಹಾರಾಜರ ಕಡೆ ಬಿಟ್ಟ ಬರ್ತೀನಿ. ಆತಿಲ್ಲೋ?"

"ಆತು" ಎಂದ ಅಪ್ಪ.

ಆ ಒಂದು ಮಾತಿನ ಮೇಲೆ ಕಾಕಾ ಚಿಕ್ಕೋಡಿಯ ರಸ್ತೆ ಸವೆಸಿದ. ಮಿರಜಿಗೆ ಹೋಗದ ದಿನಗಳಲ್ಲೆಲ್ಲ ಅವನು ಷೋರೂಮಿನ ಗಾಜಿನ ಬಾಗಿಲ ಒಳಗೆ, ಹೊಸ ಕಾರುಗಳ ನಡುವೆ, ಕಂಬಳಿ ಹಾಸಿಕೊಂಡು ಕೂಡುತ್ತಿದ್ದ. ಜಗಳವಿಲ್ಲ, ಬೈಗುಳವಿಲ್ಲ. ಗಾಡಿ ಕೊಳ್ಳಲು ಬಂದವರು, ಯಾಕ ಕೂತೀರಿ ಅಜ್ಜಾರ ಎಂದರೆ, "ಕೊಂಡೀನ್ರಿ, ಅದಕ್ಕ ಕೂತೀನಿ" ಎನ್ನುತ್ತಿದ್ದ. ಕಡೆಗೆ ಮ್ಯಾನೇಜರನೇ ಬೇಸತ್ತು, ಕಂಪನಿಯ ಇಂಜಿನಿಯರು ಬೆಳಗಾವಿಯಿಂದ ಬರುತ್ತಾರೆ, ಅವರ ಮಾತೇ ಕೊನೆಯದು ಎಂದ. ಬರುವ ದಿನ ಮಂಗಳವಾರ.

"ಕಾಕಾ, ಮಶೀನ್ ತಪ್ಪಸಬ್ಯಾಡ್ರಿ. ನಾ ಒಬ್ಬನ ಹೋಗಿ ಮಾತಾಡ್ತೀನಿ" ಎಂದೆ.

"ನಿನ್ನ ಕೂಡ ಅವರು ಇಂಗ್ಲಿಷ್ ಮಾತಾಡಿ ಮನೀಗೆ ಕಳಸ್ತಾರ. ನನ್ನ ಕೂಡ ಮಾತಾಡಾಕ ಅವರಿಗೆ ಬರಂಗಿಲ್ಲ."

ಮಿರಜಿಗೆ ಫೋನು ಮಾಡಿ ಬುಧವಾರವೋ ಗುರುವಾರವೋ ಮಾಡುತ್ತೀರಾ ಎಂದು ಕೇಳಿದೆ. ಮಶೀನು ಖಾಲಿ ಇಲ್ಲ, ಶುಕ್ರವಾರವೇ ಬರ್ರಿ ಎಂದರು. ಕಾಕಾ ನೀರು ಇನ್ನೂ ಕಡಿಮೆ ಮಾಡುತ್ತೇನೆ ಎಂದು ನಕ್ಕ. ಅಪ್ಪನನ್ನು ನನ್ನ ಹೆಂಡತಿ ಬಸ್ಸಿನಲ್ಲಿ ಮಿರಜಿಗೆ ಕರೆದುಕೊಂಡು ಹೋದಳು. ನಾನು ಕಾಕಾನ ಕೂಡ ಚಿಕ್ಕೋಡಿಗೆ ಹೋದೆ. ಅವನ ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ, ಬರಿಗಾಲಲ್ಲೇ ಬಂದಿದ್ದ.

ಇಂಜಿನಿಯರು ವಯಸ್ಸಿನಲ್ಲಿ ಸಣ್ಣವನು. ಅದೇ ಫೋಟೋ ನೋಡಿ ಅದೇ ಮಾತು ಹೇಳಿದ. ಕಾಕಾ ಕೇಳಿಸಿಕೊಂಡು, ಶೆಡ್ಡಿನಲ್ಲಿ ರಿಪೇರಿಗೆ ನಿಂತಿದ್ದ ಗಾಡಿಗಳ ಕಡೆ ಕೈ ಮಾಡಿದ.

"ಸಾಹೇಬ್ರ, ಒಂದ ಉಪಕಾರ ಮಾಡ್ರಿ. ಇವುಗಳ ಬಾನೆಟ್ ಎತ್ತಸ್ರಿ."

ಯಾಕೆಂದು ಯಾರಿಗೂ ತಿಳಿಯಲಿಲ್ಲ, ಆದರೆ ಮೆಕ್ಯಾನಿಕ್ ಹುಡುಗರಿಗೆ ಹುರುಪು ಬಂತು. ಒಂದು ಎತ್ತಿದರು: ಹಳದಿ. ಇನ್ನೊಂದು: ಹಳದಿ, ಮೇಲೆ ಒಣಗಿದ ಚೆಂಡುಹೂ. ಮತ್ತೊಂದರಲ್ಲಿ ಕುಂಕುಮ, ಊದಿನಕಡ್ಡಿಯ ತುಂಡು, ತಂತಿಯ ನಡುವೆ ಸಿಕ್ಕಿದ ಲಿಂಬೆಹಣ್ಣು. ರಾಯಬಾಗದ ಗಾಡಿ, ನಿಪ್ಪಾಣಿಯ ಗಾಡಿ, ಪಾಲಬಾವಿಯ ಗಾಡಿ. ನಮ್ಮ ನಾಡಿನ ದೇವರೆಲ್ಲ ಅಲ್ಲಿ ಬಾನೆಟ್ಟಿನ ಕೆಳಗೆ ಕೂತಿದ್ದರು. ಮೂಲೆಯ ಬೆಳ್ಳಿ ಬಣ್ಣದ ಕಾರಿನದು ಎತ್ತಿದಾಗ ಹುಡುಗರು ಕಿಸಕ್ಕನೆ ನಕ್ಕರು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಭಂಡಾರ.

"ಇದ್ಯಾರದ್ರಿ?" ಎಂದ ಕಾಕಾ.

"ಮ್ಯಾನೇಜರ್ ಸಾಹೇಬ್ರದ!"

"ಹೌದನ್ರಿ? ನಿಮ್ಮದು ನಡ್ಯಾಕತ್ತೈತಲ್ರಿ ಮತ್ತ?"

ಮ್ಯಾನೇಜರ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ಎಲ್ಲರೂ ನಗುತ್ತಿದ್ದರು, ಕಾಕಾ ಒಬ್ಬನನ್ನು ಬಿಟ್ಟು. ಅವನು ಒಂದು ಹಳೆ ಟೈರಿನ ಮೇಲೆ ಕುಸಿದು ಕೂತಿದ್ದ. ಮಾತು ತುಂಡು ತುಂಡಾಗಿ ಬಂತು.

"ನಾ ಹಾಕೀನ್ರಿ, ಸುಳ್ಳ ಹೇಳಂಗಿಲ್ಲ. ಅದರಿಂದನ ಕೆಟ್ಟಿದ್ರ ಕೆಟ್ಟೈತಿ, ಒಪ್ಪತೀನಿ. ಆದ್ರ ಬಿಚ್ಚಿ ನೋಡ್ರಿ. ನೋಡದ ಹೇಳಬ್ಯಾಡ್ರಿ. ಈ ಎಂಜಿನ್ ಮ್ಯಾಲ ಒಬ್ಬಾವ ಜೀವಾ ಹಿಡಕೊಂಡ ಕೂತಾನ."

ಇಂಜಿನಿಯರು ಅವನ ಬಾತ ಕಾಲು ನೋಡಿದ, ತೋಳಿನ ಮೇಲೆ ಮಶೀನಿನ ಸೂಜಿ ಚುಚ್ಚಿದ ಗುರುತು ನೋಡಿದ. ಎಂಜಿನ್ ಪೂರ್ತಿ ಬಿಚ್ಚಿದ್ದೀರಾ ಎಂದು ಮ್ಯಾನೇಜರನನ್ನು ಕೇಳಿದ. ಬಿಚ್ಚಿರಲಿಲ್ಲ. ಫಿಲ್ಟರಿನಲ್ಲಿ ಹಳದಿ ಕಂಡಲ್ಲಿಗೇ ಅವರ ಹುಡುಕಾಟ ನಿಂತಿತ್ತು. ಅಂದು ಮಧ್ಯಾಹ್ನ ಬಿಚ್ಚಿದರು. ಫಿಲ್ಟರು ಭಂಡಾರವನ್ನು ತನ್ನಲ್ಲೇ ತಡೆದಿತ್ತು, ಒಳಗೆ ಒಂದು ಕಣವೂ ಇಳಿದಿರಲಿಲ್ಲ. ಎಣ್ಣೆ ಹರಿಯುವ ದಾರಿಯಲ್ಲಿ ಮಾತ್ರ, ತಯಾರಾಗುವಾಗಲೇ ಉಳಿದುಬಿಟ್ಟ ಲೋಹದ ಚೂರೊಂದು ಅಡ್ಡ ಸಿಕ್ಕಿತ್ತು. ಹೊಸ ಎಂಜಿನ್, ಬಿಡಿಗಾಸು ಕೊಡಬೇಕಿಲ್ಲ, ಬರಲು ಒಂದೆರಡು ವಾರ ಎಂದ ಇಂಜಿನಿಯರು.

ಸಂಜೆಯ ಬಸ್ಸಿನಲ್ಲಿ ಕಾಕಾ ಕಿಟಕಿಯ ಬಳಿ ಕೂತ. ಕೃಷ್ಣಾ ನದಿಯ ಸೇತುವೆಯ ಮೇಲೆ ಬಂದಾಗ ಹೊತ್ತು ನೀರಿಗೆ ತಾಗಿತ್ತು.

"ಪದ್ಮಣ್ಣ ಇನ್ನೂ ಬಸ್ಸಿನ್ಯಾಗ ಇರ್ತಾನ. ಇವತ್ತೂ ಉಪಾಸ" ಎಂದ. ಸ್ವಲ್ಪ ತಡೆದು, "ತಮ್ಮಾ, ಬಾಟ್ಲಿ ಕೊಡು. ಕುಡ್ಯಂಗಿಲ್ಲ, ಬಾಯಿ ಒಣಗೈತಿ."

ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಗಲ್ಲ ಉಬ್ಬಿಸಿ, ಕಣ್ಣು ಮುಚ್ಚಿ, ಬಹಳ ಹೊತ್ತು ಅದನ್ನು ಬಾಯಲ್ಲಿ ಆಡಿಸಿದ. ಆಮೇಲೆ ಕಿಟಕಿಯಾಚೆ ಉಗುಳಿ ಬಾಟ್ಲಿ ನನಗೆ ಕೊಟ್ಟ. ನಾನು ಅವನ ಕೂಡ ಕೂತು ಮಾಡಿದ ಕೊನೆಯ ಪ್ರಯಾಣ ಅದು.

ಗುರುವಾರ ಅವನಿಗೆ ಉಸಿರು ಹತ್ತಿತು. ಮಲಗಿದರೆ ಆಗುತ್ತಿಲ್ಲ, ಕೂತರೆ ಆಗುತ್ತಿಲ್ಲ. ಅಥಣಿಯ ಡಾಕ್ಟರು ಸೂಜಿ ಚುಚ್ಚಿ, ಮಿರಜಿಗೆ ಒಯ್ಯಿರಿ ಎಂದರು. ಜೀಪು ಹುಡುಕಿ ತಂದು ನಾನು ಕಾಕಾನ ಬಾಗಿಲಿಗೆ ನಿಲ್ಲಿಸುವಷ್ಟರಲ್ಲಿ ಅವನ ಹೆಂಡತಿ ಲಕ್ಕವ್ವ ಕಾಕೂ ಹೊರಗೆ ಬಂದು, ಇನ್ನು ಬೇಡವೆಂಬಂತೆ ಕೈ ಆಡಿಸಿದಳು.

ಕಾಕಾನ ಮಣ್ಣಿಗೆ ಅಪ್ಪನೂ ಬಂದ, ನನ್ನ ಹೆಗಲು ಹಿಡಿದು.

ಹೇಳಿದ ಹಾಗೆಯೇ ಎಂಜಿನ್ ಬಂತು. ಷೋರೂಮಿನವರು ಗಾಡಿ ತೊಳೆದು ಕಾಕಾನ ಮನೆಯ ಮುಂದೆಯೇ ತಂದು ಬಿಟ್ಟರು. ಕಾಕೂ ಕೀಲಿಯನ್ನು ತನ್ನ ಕೈಯಲ್ಲಿ ಒಂದು ಕ್ಷಣವೂ ಇಟ್ಟುಕೊಳ್ಳದೆ ನನಗೆ ಕೊಟ್ಟಳು. "ಮನಿ ಮುಂದ ನಿಂದರಸಬ್ಯಾಡಪಾ, ನೋಡಾಕ ಆಗಂಗಿಲ್ಲ. ಪದ್ಮಣ್ಣಾರನ್ನ ಕರಕೊಂಡ ತಿರಗ್ಯಾಡು" ಎಂದು ಒಳಗೆ ಹೋದಳು. ಅಪ್ಪ ಕಟ್ಟೆಯ ಮೇಲಿಂದ ಎಲ್ಲ ನೋಡುತ್ತಿದ್ದ. ಎಂಜಿನ್ ಬರುವ ತನಕ ಎಂದು ಮಾತಾಗಿತ್ತು, ಈಗ ಎಂಜಿನ್ ಬಂದಿತ್ತು. ನನಗೆ ಕೇಳುವ ಧೈರ್ಯ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಅಪ್ಪ ತೊಳೆದ ಧೋತರ ಉಟ್ಟು ಬಂದು ಮುಂದಿನ ಸೀಟಿನಲ್ಲಿ ಕೂತ. ನಮ್ಮ ಊರ ಹೊರಗೆ ದಾರಿ ಒಡೆಯುತ್ತದೆ. ಒಂದು ಬಸದಿಗೆ, ಒಂದು ಮಿರಜಿನ ಕಡೆಗೆ. ಅಲ್ಲಿಗೆ ಬಂದಾಗ ನನ್ನ ಕಾಲು ತಾನೇ ಬ್ರೇಕ್ ಒತ್ತಿತು. ಎಂಜಿನ್ ಮೆಲ್ಲಗೆ ನಡೆದೇ ಇತ್ತು. ಅಪ್ಪ ಬಸದಿಯ ದಾರಿ ನೋಡಿ ಕೈಮುಗಿದ. ಆಮೇಲೆ ನನ್ನ ಕಡೆ ತಿರುಗಿದ.

"ಮಹಾರಾಜರ ಕಡೆ ಬಿಟ್ಟ ಬರ್ತೀನಿ ಅಂದಾವ ಬೀರಪ್ಪ. ಅಂವ ಬಂದು ಕರೀಲಿ, ಹೋಗ್ತೀನಿ. ಅಲ್ಲೀತನಾ ನೀ ಮಿರಜಿಗೆ ನಡಿ."