ಹಿಂದಿನ ಸೀಟಿನ ತೂಕ

ನನ್ನ ಹಳೆಯ ಬೈಕಿನ ಹಿಂದೆ ನನ್ನ ಹೆಂಡತಿ ಗಿರಿಜಾ ಕುಳಿತಳೆಂದರೆ ಅದು ಒಂದಿಷ್ಟು ಕೆಳಗೆ ಕುಸಿದು, ಮುಂದಿನ ಚಕ್ರವನ್ನು ಹಿಡಿದ ಫೋರ್ಕಿನ ಕೊಳವೆಗಳೆರಡೂ ‘ಉಸ್’ ಎಂದು ಸಣ್ಣದೊಂದು ಉಸಿರು ಬಿಡುತ್ತಿದ್ದವು. ಬಾಗಿಲಿಗೆ ಕೀಲಿ ಹಾಕಿ, ಹಾಕಿದ್ದನ್ನು ಮತ್ತೊಮ್ಮೆ ಜಗ್ಗಿ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕಾಲನ್ನು ಒಂದೇ ಕಡೆಗೆ ಇಳಿಬಿಟ್ಟು ಅವಳು ಕೂರುವ ತನಕ ನಾನು ಹಿಂತಿರುಗಿ ನೋಡುತ್ತಿರಲಿಲ್ಲ. ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ಬೈಕು ಉಸ್ ಎಂದಿತೋ, ನನ್ನ ಕಾಲು ತಾನಾಗಿಯೇ ಗೇರು ಹಾಕುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥದೊಂದು ಗುರುತು ಇದ್ದೀತು, ಯಾರೂ ಯಾರಿಗೂ ಹೇಳಿಕೊಡದ, ಬಹುಕಾಲ ಜೊತೆಗಿದ್ದವರ ನಡುವೆ ತಾನೇ ಹುಟ್ಟಿಕೊಂಡ ಗುರುತು. ಅದು ಇರುವಷ್ಟು ದಿನ ಅದರ ಕಡೆಗೆ ಯಾರ ಗಮನವೂ ಹೋಗುವುದಿಲ್ಲ.

ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಗುಮಾಸ್ತ. ಕಾಟಾದ ಪಕ್ಕ ನಿಂತು ನಿಂತೇ ಕೂದಲು ಹಣ್ಣಾದವನು. ಚೀಲವನ್ನು ಕಾಟಾಕ್ಕೆ ಏರಿಸುವ ಮುಂಚೆಯೇ ಅದರ ತೂಕ ಹೇಳಿಬಿಡುವ ಒಂದು ಜಂಬ ನನಗಿದೆ, ಅದು ಹೆಚ್ಚಾಗಿ ಸುಳ್ಳಾಗುವುದೂ ಇಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಗಿರಿಜಾ ಬುತ್ತಿ ತಂದಾಗ ಹಮಾಲರೆಲ್ಲ ಸೇರಿ ನನ್ನ ವಿದ್ಯೆಯನ್ನು ಅವಳ ಮೇಲೆಯೇ ಪರೀಕ್ಷೆ ಮಾಡಿದರು. ನಾನು ಒಂದು ಅಂಕಿ ಹೇಳಿದೆ. ಅವಳು ನಾಚಿಕೊಂಡು, ಬೈದುಕೊಂಡು, ಕಡೆಗೂ ಕಾಟಾ ಹತ್ತಿದಳು. ಮುಳ್ಳು ಸರಿಯಾಗಿ ಅಲ್ಲಿಗೇ ಬಂದು ನಿಂತಿತು. ಗಿರಣಿಯೆಲ್ಲ ನಕ್ಕಿತು, ಅವಳು ಸಂಜೆಯ ತನಕ ನನ್ನೊಡನೆ ಮಾತು ಬಿಟ್ಟಳು. ಆಮೇಲೆ ವಯಸ್ಸಿಗೆ ತಕ್ಕಂತೆ ಅವಳು ತುಂಬಿಕೊಂಡದ್ದನ್ನೂ ಬೈಕು ನನಗೆ ಆಗಾಗ ತಿಳಿಸುತ್ತಲೇ ಬಂತು.

ಕಳೆದ ವರ್ಷ ಅವಳಿಗೆ ಕಾಯಿಲೆ ಬಂತು. ಅದರ ಹೆಸರು ಇಲ್ಲಿ ಬೇಡ. ಮನೆಯಲ್ಲಿ ನಾವೂ ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ. ಕೊಪ್ಪಳಕ್ಕೆ ಹೋಗಿ ಚಿಕಿತ್ಸೆ ತೆಗೆದುಕೊಂಡು ಬರುವುದು, ಬಂದು ಮಲಗುವುದು, ಎದ್ದು ಕುಳಿತಳು ಎನ್ನುವಷ್ಟರಲ್ಲಿ ಮತ್ತೆ ಕೊಪ್ಪಳ, ಹೀಗೆ ದಿನಗಳು ಹೋದವು. ಬೆನ್ನಿನ ಎಲುಬುಗಳು ಮೆದುವಾಗಿವೆ, ಕುಲುಕಾಟ ಕೂಡದು ಎಂದು ಡಾಕ್ಟರು ಹೇಳಿದ ಮೇಲೆ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ದಿಂಬು ಇಟ್ಟು ಅವಳನ್ನು ಕರೆದೊಯ್ಯುವುದು ರೂಢಿಯಾಯಿತು. ಬೈಕು ಅಂಗಳದಲ್ಲಿ ಗೋಣಿತಟ್ಟು ಹೊದ್ದು ನಿಂತಿತು.

ಹೀಗಿರುವಾಗ ಶ್ರಾವಣ ಬಂತು. ನಮ್ಮ ಕಡೆ ನಾಗರಪಂಚಮಿಗೆ ತವರಿಗೆ ಹೋಗದ ಹೆಣ್ಣುಮಗಳ ಸಂಕಟ ನಿಮಗೆ ಗೊತ್ತಿರಬಹುದು. ಉಂಡಿ ಕಟ್ಟಿಕೊಂಡು ಹೋಗಬೇಕು, ಅಣ್ಣತಮ್ಮಂದಿರಿಗೆ ತಿನ್ನಿಸಬೇಕು, ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯ ಹಗ್ಗವನ್ನು ಒಮ್ಮೆಯಾದರೂ ಹಿಡಿಯಬೇಕು. ಗಿರಿಜಾಳ ತವರು ಕುಷ್ಟಗಿ ದಾಟಿದ ಮೇಲಿನ ಒಂದು ಹಳ್ಳಿ. ಮದುವೆಯಾದಾಗಿನಿಂದ ಪ್ರತಿ ಪಂಚಮಿಗೂ ನಾವು ಇದೇ ಬೈಕಿನಲ್ಲಿ ಅಲ್ಲಿಗೆ ಹೋಗಿದ್ದೆವು. ಈ ಸಲ ಕಾರು ಹೇಳುತ್ತೇನೆ ಎಂದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಹಾಗೆಯೇ ಹೇಳಿದಳು:

“ಕಾರಿನ್ಯಾಗ ಹ್ವಾದ್ರ ಓಣಿ ಮಂದಿ ಪೇಶಂಟ್ ನೋಡಾಕ ಬಂದಂಗ ಬರ್ತಾರ್ರಿ. ಗಾಡಿ ಮ್ಯಾಲ ಹ್ವಾದ್ರ, ಗಿರಿಜಾ ಬಂದ್ಲು ಅಂತಾರ.”

ಇನ್ನೊಂದು ಪಂಚಮಿಯ ಭರವಸೆಯನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ, ನನಗೂ ಕೊಟ್ಟಿರಲಿಲ್ಲ. ಮರುದಿನವೇ ಗೋಣಿತಟ್ಟು ತೆಗೆದು ಬೈಕನ್ನು ಖಾಜಾನ ಗ್ಯಾರೇಜಿಗೆ ಒಯ್ದೆ.

ಖಾಜಾ ನನ್ನ ಹಳೆಯ ಪರಿಚಯದ ಮೆಕ್ಯಾನಿಕ್, ಗಿರಿಜಾಳನ್ನು ಅಕ್ಕ ಎನ್ನುವವನು. ಮುಂದಿನ ಫೋರ್ಕು ಸವೆದು ಎಣ್ಣೆ ಸೋರುತ್ತಿದೆ, ಇದರ ಮೇಲೆ ಹುಷಾರಿಲ್ಲದವರನ್ನು ಕೂರಿಸುವುದು ಬೇಡವೇ ಬೇಡ ಎಂದ. ಈಚಿನ ದೊಡ್ಡ ಬೈಕೊಂದರ ದಪ್ಪ ಫೋರ್ಕನ್ನು ಇದಕ್ಕೆ ಕೂರಿಸಿ, ಹೊಸ ಸ್ಪ್ರಿಂಗು, ಹೊಸ ಎಣ್ಣೆ ಹಾಕಿ, ಹಿಂದಿನ ಚಕ್ರದ ಸ್ಪ್ರಿಂಗನ್ನೂ ಅದಕ್ಕೆ ಹೊಂದಿಸಿಬಿಟ್ಟರೆ ತಗ್ಗು ಬಿದ್ದದ್ದೇ ಅಕ್ಕನಿಗೆ ಗೊತ್ತಾಗುವುದಿಲ್ಲ ಎಂದು ಧೈರ್ಯ ಕೊಟ್ಟ. ಆದರೆ ಸ್ಪ್ರಿಂಗಿನ ಬಿಗಿ ಹೊಂದಿಸಲು ಹಿಂದೆ ಕೂರುವವರ ಭಾರ ಬೇಕು, ಕರೆದುಕೊಂಡು ಬನ್ನಿ ಎಂದ. ಅವಳನ್ನು ಬಿಸಿಲಿನಲ್ಲಿ ತಂದು ಗ್ಯಾರೇಜಿನ ಮುಂದೆ ಕೂರಿಸುವುದು ನನಗೆ ಒಗ್ಗಲಿಲ್ಲ. ಈ ಭತ್ತದ ಸೀಮೆಯಲ್ಲಿ ಅದಕ್ಕೊಂದು ಉಪಾಯ ಮೊದಲಿನಿಂದಲೂ ಇದೆ. ಬೈಕು ಎಷ್ಟು ಹೊರಬೇಕೋ ಅಷ್ಟು ತೂಕದ ಅಕ್ಕಿಯ ಚೀಲವನ್ನು ಹಿಂದಿನ ಸೀಟಿಗೆ ಬಿಗಿದು, ಎಷ್ಟು ಕುಸಿಯುತ್ತದೆ ಎಂದು ನೋಡಿ ಸ್ಪ್ರಿಂಗು ಬಿಗಿ ಮಾಡುತ್ತಾರೆ.

ಗಿರಣಿಯಲ್ಲಿ ಚೀಲವನ್ನು ನಾನೇ ತುಂಬಿದೆ. ಅವಳ ತೂಕ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯಾರನ್ನೂ ಕೇಳಲಿಲ್ಲ, ಕಾಟಾಕ್ಕೂ ಹಾಕಲಿಲ್ಲ; ಕಣ್ಣಳತೆಯಲ್ಲಿ ತುಂಬಿ, ಬಾಯಿ ಹೊಲಿದು, ಹಮಾಲನೊಬ್ಬನ ಜೊತೆ ಗ್ಯಾರೇಜಿಗೆ ಒಯ್ದು ಇಬ್ಬರೂ ಒಂದೊಂದು ತುದಿ ಹಿಡಿದು ಸೀಟಿಗೆ ಏರಿಸಿದೆವು. ಖಾಜಾ ಕೆಲಸ ಮುಗಿಸಿ ಕೊಟ್ಟ ಮೇಲೆ ಚೀಲವನ್ನು ಹಿಂದಿಟ್ಟುಕೊಂಡೇ ಸಿದ್ದಾಪುರದ ಕಡೆಗೆ, ಕಾಲುವೆಯ ಪಕ್ಕದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆ. ರಸ್ತೆಯ ಹೊಂಡಗಳನ್ನೆಲ್ಲ ಆ ಫೋರ್ಕು ತಾನೇ ನುಂಗಿಕೊಂಡಿತು. ಹ್ಯಾಂಡಲ್ ಹಿಡಿದ ನನ್ನ ಕೈಗೆ ಒಂದು ನಡುಕವೂ ಬರಲಿಲ್ಲ. ಎರಡೂ ಕಡೆ ನಾಟಿಯಾದ ಗದ್ದೆ, ನೀರಿನಲ್ಲಿ ಮೋಡ, ಹಿಂದೆ ಹದವಾದ ಭಾರ. ಬಹಳ ದಿನಗಳ ಮೇಲೆ ಅಂದು ಸಂತೋಷವಾಗಿದ್ದೆ, ಸುಳ್ಳೇಕೆ ಹೇಳಲಿ. ದಾರಿಯಲ್ಲಿ ಒಂದೆರಡು ಸಲ ಹಿಂದೆ ತಿರುಗದೆಯೇ ಚೀಲದೊಡನೆ ಮಾತನ್ನೂ ಆಡಿದೆ.

ಪಂಚಮಿಯ ಮುಂಜಾನೆ ಗಿರಿಜಾ ಇಳಕಲ್ ಸೀರೆ ಉಟ್ಟಳು. ಪಕ್ಕದ ಮನೆಯವರು ಕಟ್ಟಿಕೊಟ್ಟ ಉಂಡಿಯ ಡಬ್ಬಿಯನ್ನು ಅರಿವೆಯಲ್ಲಿ ಗಂಟು ಹಾಕಿಕೊಂಡಳು. ನಾನು ಬೈಕು ಶುರು ಮಾಡಿ, ಎಂದಿನಂತೆ ಮುಂದೆ ನೋಡುತ್ತ ಕುಳಿತೆ. ಕೀಲಿ ಹಾಕಿದ ಸದ್ದು ಕೇಳಿತು, ಜಗ್ಗಿ ನೋಡಿದ ಸದ್ದೂ ಕೇಳಿತು. ಆಮೇಲೆ ಏನೂ ಇಲ್ಲ. ಸೆರಗು ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ, ಉಸಿರು ತಂದುಕೊಳ್ಳಲು ನಿಂತಿದ್ದಾಳೆ ಎಂದುಕೊಂಡೆ. ಕಾಯುತ್ತಲೇ ಇದ್ದೆ.

“ನಡೀರಿ ಮತ್ತ,” ಎಂದಿತು ನನ್ನ ಕಿವಿಯ ಹಿಂದೆಯೇ ಅವಳ ದನಿ.

“ಕುಂತೀಯೇನು?”

“ಕುಂತು ಎಷ್ಟೊತ್ತಾತು.”

ಬೈಕು ಕೆಳಗೆ ಇಳಿದೇ ಇರಲಿಲ್ಲ. ಹೊಸ ಫೋರ್ಕು ಅವಳನ್ನು ಗಮನಕ್ಕೇ ತಂದುಕೊಂಡಿರಲಿಲ್ಲ. ಆ ಕ್ಷಣದಲ್ಲಿ ನನಗೆ ಎಲ್ಲವೂ ಒಟ್ಟಿಗೇ ಕಂಡಿತು: ಬಳೆ ಜಾರಬಾರದೆಂದು ಅವಳು ಅದಕ್ಕೆ ದಾರ ಸುತ್ತಿಕೊಂಡದ್ದು, ಕುಪ್ಪಸದ ಹೊಲಿಗೆಯನ್ನು ಒಳಗೆ ತೆಗೆದುಕೊಂಡದ್ದು, ನಾನು ಮೊದಲಿನ ಅಳತೆಯಲ್ಲೇ ಮಾಡಿಟ್ಟ ಅನ್ನದಲ್ಲಿ ಅರ್ಧಕ್ಕರ್ಧ ದಿನಾಲೂ ಓಣಿಯ ನಾಯಿಗೆ ಹೋಗುತ್ತಿದ್ದದ್ದು. ಎಲ್ಲವನ್ನೂ ನೋಡಿದ್ದೆ. ದಿನವೂ ನೋಡುವ ಕಣ್ಣು ಇವತ್ತಿನದನ್ನು ನಿನ್ನೆಯದರ ಪಕ್ಕ ಇಟ್ಟು ನೋಡುತ್ತದೆ, ಹೋದ ವರ್ಷದ ಪಕ್ಕ ಇಡುವುದಿಲ್ಲ. ಹಾಗಾಗಿ ನೋಡಿಯೂ ತಿಳಿಯಲಿಲ್ಲ. ಊರ ಅಕ್ಕಿಯನ್ನೆಲ್ಲ ತೂಗಿದವನು ಮನೆಯವಳನ್ನು ತೂಗಿದ್ದು ಹೀಗೆ.

ಆಗಲೇ ಇಳಿಸಿಬಿಡಬೇಕಿತ್ತು. ಆದರೆ ಅವಳ ಮಡಿಲಿನಲ್ಲಿ ಉಂಡಿಯ ಗಂಟಿತ್ತು. ಹೊರಟೆವು. ಸ್ಪ್ರಿಂಗು ಎನ್ನುವುದು ಭಾರ ಬಿದ್ದರೆ ಬಾಗುತ್ತದೆ, ಬಾಗಿದರೆ ಮಾತ್ರ ಪೆಟ್ಟನ್ನು ತಾನು ತೆಗೆದುಕೊಳ್ಳುತ್ತದೆ. ನಾನು ಮಾಡಿಸಿದ್ದು ಒಂದು ಕಾಲದ ಗಿರಿಜಾಳಿಗೆ ಮಾತ್ರ ಬಾಗುವ ಸ್ಪ್ರಿಂಗು; ಈಗಿನವಳಿಗೆ ಅದು ಬರೀ ಕಬ್ಬಿಣ. ಹಳೆಯ ಸೋರುವ ಫೋರ್ಕೇ ಇದ್ದಿದ್ದರೆ ಇದಕ್ಕಿಂತ ಮೆತ್ತಗಿರುತ್ತಿತ್ತು. ಒಂದೊಂದು ಕಲ್ಲೂ ನೇರವಾಗಿ ಅವಳ ಬೆನ್ನಿಗೆ ಹೋಗುತ್ತಿತ್ತು, ಅದು ನನಗೆ ತಿಳಿಯುತ್ತಿದ್ದದ್ದು ಭುಜದ ಮೇಲಿದ್ದ ಅವಳ ಕೈಯಿಂದ. ಕನಕಗಿರಿ ಬರುವ ಮೊದಲೇ ಆ ಕೈ ಅಂಗಿಯನ್ನು ಗಟ್ಟಿಯಾಗಿ ಹಿಡಿದದ್ದು ಬಿಡಲೇ ಇಲ್ಲ. ನಾನು ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಅವಳಿಗೆ ಕಾಲೂರಲು ಆಗಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಇಳಿಸಿದೆ. ಎಷ್ಟು ಸಲೀಸಾಗಿ ಎತ್ತಿದೆನೆಂದರೆ ನನಗೆ ಹೆದರಿಕೆಯಾಯಿತು.

ಫೋನು ಮಾಡಿದ ಮೇಲೆ ಅವಳ ತಮ್ಮ ಕಾರು ತಂದ. ಅವಳು ಹಿಂದಿನ ಸೀಟಿನಲ್ಲಿ ಮಲಗಿ ತವರಿಗೆ ಹೋದಳು, ನಾನು ಬೈಕಿನಲ್ಲಿ ಹಿಂಬಾಲಿಸಿದೆ. ಕಾರು ನಿಂತೊಡನೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು, ಅವಳು ಹೇಳಿದ ಹಾಗೆಯೇ ಬಂದರು. ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಮಾತಾಡಿದರು, ಕೆಲವರು ಸೆರಗಿನಿಂದ ಕಣ್ಣೊತ್ತಿಕೊಂಡರು. ಗಿರಿಜಾ ಎಲ್ಲರಿಗೂ ಉಂಡಿ ಕೊಡಿಸಿದಳು. ಹೊರಗೆ ಜೋಕಾಲಿಯ ಹಗ್ಗ ಜೀಕುವ ಸದ್ದು ಕೇಳುತ್ತಿತ್ತು. ಅವಳು ಅದರ ಕಡೆ ಕಿವಿಗೊಟ್ಟಿದ್ದಳೋ ಇಲ್ಲವೋ ನನಗೆ ತಿಳಿಯದು, ಕೇಳುವ ಧೈರ್ಯ ಬರಲಿಲ್ಲ.

ಊರಿಗೆ ಮರಳಿದ ಮೇಲೆ ಖಾಜಾ ಬಹಳ ನೊಂದುಕೊಂಡ. ಚೀಲ ಇನ್ನೂ ಗ್ಯಾರೇಜಿನಲ್ಲೇ ಇದೆ, ಅದರಲ್ಲಿನ ಅಕ್ಕಿ ತೆಗೆದು ಈಗಿನ ತೂಕಕ್ಕೆ ತನ್ನಿ, ಸ್ಪ್ರಿಂಗನ್ನು ಮತ್ತೆ ಮೆತ್ತಗೆ ಮಾಡಿಕೊಡುತ್ತೇನೆ ಎಂದ. ನಾನು ಚೀಲದ ಹೊಲಿಗೆ ಬಿಚ್ಚಿ, ಕೈಯಲ್ಲಿ ಸೇರು ಹಿಡಿದು ಕುಳಿತೆ. ಆದರೆ ಎಲ್ಲಿಯ ತನಕ ತೆಗೆಯುವುದು? ಇವತ್ತಿನ ತೂಕಕ್ಕೆ ಹೊಂದಿಸಿದರೆ ಅದು ನಾಳಿನದಲ್ಲ. ಹೀಗೆ ತೆಗೆಯುತ್ತ ಹೋದರೆ ಕೊನೆಗೆ ಉಳಿಯುವುದು ಬರಿಯ ಚೀಲ. ಒಂದು ಸೇರನ್ನೂ ತೆಗೆಯದೆ ಬಾಯಿ ಮತ್ತೆ ಹೊಲಿದೆ. ಮನೆಗೆ ಬಂದು, ಖಾಜಾ ಹೀಗೆ ಹೇಳುತ್ತಿದ್ದಾನೆ, ಏನು ಮಾಡಲಿ ಎಂದು ಅವಳನ್ನೇ ಕೇಳಿದೆ.

“ಹಂಗ ಇರ್ಲಿ ಬಿಡ್ರಿ. ಇನ್ನ ಮ್ಯಾಲ ನೀವೊಬ್ಬರ ಓಡಾಡೋರು. ಗಾಡಿ ಗಟ್ಟಿ ಇದ್ರ ಛಲೋ.”

ಇದನ್ನು ಅವಳು ಅಳುತ್ತ ಹೇಳಲಿಲ್ಲ. ಉಪ್ಪಿನಕಾಯಿಯ ಭರಣಿ ಎಲ್ಲಿದೆ ಎಂದು ತೋರಿಸಿಕೊಡುವ ಹಾಗೆ ಹೇಳಿದಳು. ಅತ್ತದ್ದು ನಾನು, ಹಿತ್ತಲಿಗೆ ಹೋಗಿ. ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು, ಅದನ್ನು ನಾನು ಹೇಳಲೂ ಇಲ್ಲ. ಆ ಬಿಗಿ ನನ್ನೊಬ್ಬನಿಗೂ ಹೊಂದುವುದಿಲ್ಲ. ಅದು ಪಂಚಮಿಗೆ ಹೊರಟ ಇಬ್ಬರಿಗೆಂದು ಮಾಡಿದ್ದು, ಆ ಇಬ್ಬರಲ್ಲಿ ಈಗ ನಾನೊಬ್ಬನೇ ಮೊದಲಿನ ತೂಕದಲ್ಲಿದ್ದೇನೆ.

ನಿನ್ನೆ ಚೀಲವನ್ನು ಮನೆಗೆ ತರಲು ಹೋದೆ. ಖಾಜಾ ಮತ್ತು ನಾನು ಅದನ್ನು ಎತ್ತಿ ಹಿಂದಿನ ಸೀಟಿಗೆ ಇಟ್ಟ ಕೂಡಲೇ ಬೈಕು ಒಂದಿಷ್ಟು ಕೆಳಗೆ ಕುಸಿಯಿತು, ಹಳೆಯ ದಿನಗಳಂತೆಯೇ ಕುಸಿಯಿತು. ನಾನು ಹತ್ತಿ ಶುರು ಮಾಡಿದ್ದೇ ತಡ, ನನ್ನ ಕಾಲು ತಾನಾಗಿಯೇ ಗೇರು ಹಾಕಿತು. ಅಂಗಳಕ್ಕೆ ಬಂದಾಗ ಗಿರಿಜಾ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಗಾಡಿಯ ಸದ್ದು ಕೇಳಿ ಹಿಂದೆ ಯಾರೋ ಕುಳಿತಿದ್ದಾರೆಂದು ತಿಳಿದಳಂತೆ. ಅಕ್ಕಿ ಎಂದೆ. ಚೀಲ ಇಳಿಸಲು ನೋಡಿದೆ. ಒಬ್ಬನಿಂದ ಆಗುವ ಭಾರವಲ್ಲ ಅದು. ಅವಳು ಇನ್ನೊಂದು ತುದಿ ಹಿಡಿಯಲೆಂದು ಮೆಟ್ಟಿಲಿಗೆ ಕಾಲಿಟ್ಟಳು. ಬೇಡ ಎಂದು ಹೇಳಿ ಅವಳನ್ನೇ ಎತ್ತಿಕೊಂಡು ಒಳಗೆ ಕರೆತಂದು ಮಲಗಿಸಿದೆ.

ಬೈಕು ಈಗಲೂ ಅಂಗಳದಲ್ಲಿ ಅಷ್ಟು ಕೆಳಗೆ ಕುಸಿದೇ ನಿಂತಿದೆ. ಪಕ್ಕದ ಮನೆಯವನನ್ನು ಕರೆದರೆ ಚೀಲ ಇಳಿಸಲು ಒಂದು ನಿಮಿಷದ ಕೆಲಸ. ಇಳಿಸಿದರೆ ಬೈಕು ಮೇಲೇಳುತ್ತದೆ. ಹಾಗಾಗಿ ನಾನು ಇನ್ನೂ ಯಾರನ್ನೂ ಕರೆದಿಲ್ಲ.